ನಾಲ್ಕು ಸಲ ಸತ್ತ ಪದವಿ

ಪ್ರಭುಪದವಿಗಳ ಇತಿಹಾಸದ ಹುಚ್ಚು ಹಿಡಿದವರಲ್ಲಿ ಹೆಚ್ಚಿನವರಿಗೆ ಹಳೆಯದೇ ದೊಡ್ಡದು. ಯಾವ ಮನೆತನ ಎಷ್ಟು ತಲೆಮಾರು ಕಡಿಯದೆ ಬಂತು ಎಂದು ಎಣಿಸುತ್ತ ಕೂರುತ್ತಾರೆ. ನನಗೆ ಮಾತ್ರ ನಿಂತುಹೋದ ಪದವಿಗಳ ಮೇಲೇ ಕಣ್ಣು. ಅಪ್ಪನಿಂದ ಮಗನಿಗೆ ಸುಸೂತ್ರವಾಗಿ ಹೋಗುತ್ತಿರುವಷ್ಟು ಕಾಲ ರಾಜನ ಸನ್ನದಿನಲ್ಲಿ ಏನು ಬರೆದಿದೆ ಎಂದು ಯಾರೂ ತೆಗೆದು ನೋಡುವುದಿಲ್ಲ. ವಂಶ ಎಡವಿದಾಗಲೇ ಅದರ ಒಂದೊಂದು ಪದಕ್ಕೂ ಬೆಲೆ ಬರುವುದು. ಈ ಲೆಕ್ಕದಲ್ಲಿ ಸ್ಕಾಟ್ಲೆಂಡಿನ ಸೀಫೋರ್ತ್ ಪದವಿಗೆ ಸಾಟಿಯಿಲ್ಲ. 1623ರಿಂದ 1923ರೊಳಗೆ ಅದು ನಾಲ್ಕು ಸಲ ಹುಟ್ಟಿ ನಾಲ್ಕು ಸಲವೂ ಸತ್ತಿತು.

ಮೊದಲ ಸಲ ಪಡೆದವನು ಉತ್ತರದ ಗುಡ್ಡಗಾಡಿನ ಮೆಕೆಂಜಿ ಕುಲದ ಒಡೆಯ ಕಾಲಿನ್ ಮೆಕೆಂಜಿ. ಲೂಯಿಸ್ ದ್ವೀಪ ಆಗಷ್ಟೇ ಅವನ ಮನೆತನದ ಕೈಸೇರಿತ್ತು. ಅಲ್ಲಿಯ ಕಡಲತೋಳೊಂದರ ಹೆಸರೇ ಪದವಿಯ ಹೆಸರಾಯಿತು. 1633ರಲ್ಲಿ ಅವನು ತೀರಿಕೊಂಡಾಗ ಗಂಡುಮಗನಿರಲಿಲ್ಲ, ಆದರೂ ತಮ್ಮನಿಗೆ ಸಲ್ಲಲು ಸನ್ನದಿನಲ್ಲಿ ಎಡೆಯಿತ್ತು. ಐದನೆಯ ಅರ್ಲ್ ವಿಲಿಯಂ 1715ರಲ್ಲಿ ಪದಚ್ಯುತ ಸ್ಟುವರ್ಟ್ ರಾಜವಂಶದ ಪಕ್ಷ ಹಿಡಿದು ದಂಗೆ ಎದ್ದ. ಮರುವರ್ಷ ಪಾರ್ಲಿಮೆಂಟು ಅವನನ್ನು ದ್ರೋಹಿಯೆಂದು ಸಾರಿ ಜಮೀನನ್ನೂ ಪದವಿಯನ್ನೂ ಕಿತ್ತುಕೊಂಡಿತು. ಒಕ್ಕಲುಗಳು ಇದನ್ನು ಒಪ್ಪಲಿಲ್ಲ ಎಂಬುದೇ ಸ್ವಾರಸ್ಯ. ಡೊನಾಲ್ಡ್ ಮರ್ಚಿಸನ್ ಎಂಬ ಕಾರಭಾರಿ ಗೇಣಿ ವಸೂಲು ಮಾಡಿ ಕಡಲಾಚೆ ತಲೆಮರೆಸಿಕೊಂಡಿದ್ದ ಒಡೆಯನಿಗೆ ಕಳಿಸುತ್ತಿದ್ದ. ವಸೂಲಿಗೆ ಬಂದ ಸರ್ಕಾರಿ ಮಂದಿಯನ್ನು ಕಣಿವೆಯಲ್ಲೇ ಅಡ್ಡಗಟ್ಟಿ ಹಿಮ್ಮೆಟ್ಟಿಸಿದ. 1726ರಲ್ಲಿ ವಿಲಿಯಂಗೆ ಕ್ಷಮೆ ಸಿಕ್ಕಿತು, ಪದವಿ ಸಿಗಲಿಲ್ಲ.

ಅವನ ಮೊಮ್ಮಗ ಕೆನೆತ್‌ಗೆ 1771ರಲ್ಲಿ ಮತ್ತೆ ಸೀಫೋರ್ತ್ ಅರ್ಲ್ ಪಟ್ಟ ಬಂತು, ಐರ್ಲೆಂಡಿನ ಪಟ್ಟಿಯಲ್ಲಿ. ಲಂಡನ್ನಿನ ಪ್ರಭುಸಭೆಯಲ್ಲಿ ಕುರ್ಚಿ ಕೊಡದ ಪದವಿ ಅದು. ದೊರೆಗೆ ಖರ್ಚಿಲ್ಲದ ಉಡುಗೊರೆ ಎನ್ನಬಹುದು. ಋಣ ತೀರಿಸಲೆಂದು ಕೆನೆತ್ 1778ರಲ್ಲಿ ಒಂದು ದಂಡು ಕಟ್ಟಿಕೊಟ್ಟ. ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿದ್ದಾರೆಂಬ ಗುಲ್ಲೆದ್ದು ಆ ಸಿಪಾಯಿಗಳು ಎಡಿನ್‌ಬರೊ ಪಕ್ಕದ ಆರ್ಥರ್ಸ್ ಸೀಟ್ ಗುಡ್ಡ ಹತ್ತಿ ಕೂತರು. ಸಮಾಧಾನ ಮಾಡಿ ಇಳಿಸಿದ್ದಾಯಿತು. ಕೊನೆಗೆ ಅವರು ಹೊರಟದ್ದು ಇಂಡಿಯಾಕ್ಕೇ. 1781ರ ಆ ಪಯಣದಲ್ಲಿ ಸೇಂಟ್ ಹೆಲೆನಾ ಬಳಿ ಅರ್ಲ್ ಹಡಗಿನಲ್ಲೇ ಸತ್ತ. ಮದರಾಸು ಮುಟ್ಟುವಷ್ಟರಲ್ಲಿ ಸ್ಕರ್ವಿ ರೋಗಕ್ಕೆ 247 ಸಿಪಾಯಿಗಳು ಬಲಿಯಾಗಿದ್ದರು. ಅರ್ಲ್‌ನ ಹಿಂದೆ ಉಳಿದವಳು ಒಬ್ಬ ಮಗಳು. ಐರಿಷ್ ಪದವಿ ಅಲ್ಲಿಗೆ ಮುಗಿಯಿತು.

ಸಾಲ ಕುತ್ತಿಗೆಗೆ ಬಂದು ಕೆನೆತ್ ಆಸ್ತಿಯನ್ನು ಒಂದು ಲಕ್ಷ ಪೌಂಡಿಗೆ ದಾಯಾದಿ ಥಾಮಸ್ ಮೆಕೆಂಜಿ ಹಂಬರ್‌ಸ್ಟನ್‌ಗೆ ಮೊದಲೇ ಮಾರಿದ್ದ. ಈ ಹೊಸ ಯಜಮಾನನೂ ದಂಡಿನವನೇ. 1782ರಲ್ಲಿ ಮಲಬಾರಿಗೆ ಬಂದು ಹೈದರನ ಪಡೆಯೊಡನೆ ಕಾದಾಡಿ, ಟಿಪ್ಪು ಬೆನ್ನಟ್ಟಿದಾಗ ಪೊನ್ನಾನಿಗೆ ಹಿಂದೆ ಸರಿದ. ಹೈದರ್ ತೀರಿಕೊಂಡ ಸುದ್ದಿ ಬಂದು ಟಿಪ್ಪು ತಿರುಗಿದ್ದರಿಂದ ಬದುಕಿಕೊಂಡ. ಮುಂದೆ ಜನರಲ್ ಮ್ಯಾಥ್ಯೂಸ್ 1783ರ ಜನವರಿಯಲ್ಲಿ ಹಿಡಿದ ಬಿದನೂರಿನಲ್ಲಿ ಅವನಿದ್ದ. ಅಲ್ಲಿಯ ಖಜಾನೆ ಯಾರ ಪಾಲಿಗೆಂದು ಅಧಿಕಾರಿಗಳಲ್ಲೇ ಜಗಳ. ದೂರು ಹೊತ್ತು ಮುಂಬಯಿಗೆ ಹೋದವರಲ್ಲಿ ಹಂಬರ್‌ಸ್ಟನ್ ಒಬ್ಬ. ದೂರು ಗೆದ್ದು ಮರಳುವಾಗ ರೇಂಜರ್ ಎಂಬ ಅವರ ಹಡಗನ್ನು ಮರಾಠ ನೌಕಾಪಡೆ ಮುತ್ತಿತು. ಗಾಯಗೊಂಡ ಅವನು ಏಪ್ರಿಲ್ 30ರಂದು ವಿಜಯದುರ್ಗದಲ್ಲಿ ಪ್ರಾಣ ಬಿಟ್ಟ. ಆ ಹೊತ್ತಿಗೆ ಬಿದನೂರಿಗೆ ಟಿಪ್ಪುವಿನ ಮುತ್ತಿಗೆ ಬಿದ್ದಾಗಿತ್ತು. ಮದುವೆಯಾಗದ ಹಂಬರ್‌ಸ್ಟನ್‌ನ ಎಸ್ಟೇಟು ತಮ್ಮ ಫ್ರಾನ್ಸಿಸ್‌ಗೆ ಹೋಯಿತು.

ಈ ಫ್ರಾನ್ಸಿಸ್‌ಗಾಗಿಯೇ ನಾನು ಈ ವಂಶಾವಳಿಗೆ ಮತ್ತೆ ಮತ್ತೆ ಮರಳುವುದು. ಬಾಲ್ಯದಲ್ಲಿ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ಬಳಿಯಲ್ಲಿದ್ದವರು ಬೆರಳಿನಲ್ಲಿ ಅಕ್ಷರ ಮೂಡಿಸಿ ಅವನೊಡನೆ ಮಾತಾಡಬೇಕಿತ್ತು. ಅಂಥವನು ಪಾರ್ಲಿಮೆಂಟಿಗೆ ಹೋದ, 1793ರಲ್ಲಿ ಮತ್ತೊಂದು ದಂಡು ಕಟ್ಟಿದ, 1797ರಲ್ಲಿ ಬ್ಯಾರನ್ ಸೀಫೋರ್ತ್ ಆದ. ಮನೆತನಕ್ಕೆ ಮೂರನೆಯ ಸಲ ಆ ಹೆಸರು ಬಂದಂತಾಯಿತು. ಪದವಿ ಬರುವ ಮೊದಲೇ, 1786ರಲ್ಲಿ, ಬೆಂಜಮಿನ್ ವೆಸ್ಟ್‌ನಿಂದ ಒಂದು ಭಾರಿ ಚಿತ್ರ ಬರೆಸಿದ್ದ. ಬೇಟೆಯಲ್ಲಿ ನೆಲಕ್ಕುರುಳಿದ ಮೂರನೆಯ ಅಲೆಕ್ಸಾಂಡರ್ ದೊರೆ, ಮೇಲೆರಗುತ್ತಿರುವ ಸಾರಂಗ, ಈಟಿ ಹಿಡಿದು ನಡುವೆ ನುಗ್ಗುವ ಕಾಲಿನ್ ಫಿಟ್ಸ್‌ಜೆರಾಲ್ಡ್. ಇವನೇ ಮೆಕೆಂಜಿಗಳ ಮೂಲಪುರುಷನಂತೆ, ಕುಲದ ಲಾಂಛನದಲ್ಲಿ ಸಾರಂಗದ ತಲೆ ಬಂದದ್ದೂ ಇದರಿಂದಲೇ ಅಂತೆ. ಇತಿಹಾಸಕಾರರು ಇದನ್ನು ಕಟ್ಟುಕತೆ ಎಂದು ಪಕ್ಕಕ್ಕಿಟ್ಟಿದ್ದಾರೆ. ಐದು ಮೀಟರಿಗೂ ಮಿಕ್ಕಿದ ಅಗಲದ ಆ ಕ್ಯಾನ್ವಾಸು ಎಡಿನ್‌ಬರೊದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಪದವಿ ಇಲ್ಲದ ಹೊತ್ತಿನಲ್ಲಿ ಪುರಾತನರೆಂದು ತೋರಿಸಿಕೊಳ್ಳುವ ತವಕ ಎಷ್ಟಿತ್ತೆಂಬುದಕ್ಕೆ ಅದರ ಅಳತೆಯೇ ಸಾಕ್ಷಿ.

ಬಾರ್ಬಡೋಸಿನ ಗವರ್ನರನಾಗಿ ಫ್ರಾನ್ಸಿಸ್ ಗುಲಾಮರನ್ನು ಕೊಂದವರಿಗೆ ಮರಣದಂಡನೆಯಾಗಬೇಕೆಂದು ತೋಟದ ಧಣಿಗಳೊಡನೆ ಹಟ ಹಿಡಿದ. ಅಲ್ಲಿಯವರೆಗೆ ಸಣ್ಣದೊಂದು ದಂಡ ಕಟ್ಟಿದರೆ ಮುಗಿಯುತ್ತಿತ್ತು. ಅದೇ ಮನುಷ್ಯ ದಕ್ಷಿಣ ಅಮೆರಿಕದ ಬರ್ಬೀಸಿನ ತನ್ನ ತೋಟಗಳಲ್ಲಿ ಗುಲಾಮರನ್ನಿಟ್ಟು ದುಡಿಸುತ್ತಿದ್ದ. ಆ ತೋಟಗಳೂ ಕೈಹಿಡಿಯಲಿಲ್ಲ; ಸಾಲ ಬೆಳೆಯಿತು, ಮನೆತನದ ಹಳೆಯ ಸೀಮೆಯಾದ ಕಿನ್‌ಟೇಲಿನ ನೆಲ ತುಂಡುತುಂಡಾಗಿ ಹೋಯಿತು. ನಾಲ್ಕು ಗಂಡುಮಕ್ಕಳೂ ಅವನ ಕಣ್ಣೆದುರೇ ತೀರಿಕೊಂಡರು. 1815ರ ಜನವರಿ 11ರಂದು ಅವನು ಸತ್ತಾಗ ಆರು ಹೆಣ್ಣುಮಕ್ಕಳಲ್ಲಿ ಹಿರಿಯಳಾದ ಮೇರಿಯ ಗಂಡ ಅಡ್ಮಿರಲ್ ಸ್ಯಾಮ್ಯುಯೆಲ್ ಹುಡ್ ಮದರಾಸಿನಲ್ಲಿ ತೀರಿ ಮೂರು ವಾರವೂ ಆಗಿರಲಿಲ್ಲ.

ಹೈಲ್ಯಾಂಡ್ಸಿನವರು ಇದಕ್ಕೆ, ಸೀಫೋರ್ತರ ಕೋಟೆಮನೆಯಿದ್ದ ಬ್ರಾಹನ್ನಿನ ಕಣಿಯವನ ಶಾಪ ಎನ್ನುತ್ತಾರೆ. ಮೂರನೆಯ ಅರ್ಲ್‌ನ ಹೆಂಡತಿ ಅವನನ್ನು ಡಾಂಬರಿನ ಪೀಪಾಯಿಯಲ್ಲಿ ಸುಡಿಸಿದಳಂತೆ. ಕಿವುಡ ಒಡೆಯನ ನಾಲ್ಕು ಮಕ್ಕಳು ಅವನಿಗಿಂತ ಮೊದಲೇ ಸಾಯುತ್ತಾರೆ, ಮೂಡಣದಿಂದ ಬರುವ ವಿಧವೆ ಆಸ್ತಿ ಪಡೆದು ತಂಗಿಯನ್ನು ಕೊಲ್ಲುತ್ತಾಳೆ ಎಂದು ಅವನು ನುಡಿದಿದ್ದನಂತೆ. 1823ರಲ್ಲಿ ಮೇರಿ ಹೊಡೆಯುತ್ತಿದ್ದ ಕುದುರೆಗಾಡಿ ಮಗುಚಿ ತಂಗಿ ಕ್ಯಾರೊಲಿನ್ ಸತ್ತದ್ದು ಮಾತ್ರ ನಿಜ. ಕಣಿ ಪುಸ್ತಕವಾಗಿ ಹೊರಬಂದದ್ದು 1877ರಲ್ಲಿ, ಎಲ್ಲವೂ ಮುಗಿದ ಮೇಲೆ. ಕಣಿಯವನನ್ನು ಹೋಲುವ ಹೆಸರು ಸರ್ಕಾರಿ ದಾಖಲೆಯಲ್ಲಿ ಸಿಗುವುದೋ ಕಥೆಯ ಕಾಲಕ್ಕಿಂತ ಎಷ್ಟೋ ದಶಕ ಹಿಂದೆ. ನನ್ನನ್ನು ಕೇಳಿದರೆ ಪದವಿಯನ್ನು ಕೊಂದದ್ದು ಸನ್ನದಿನ ಒಂದು ಮಾತು: ಗಂಡು ಸಂತತಿಗೆ ಮಾತ್ರ. ಮೇರಿಗೆ ಜಮೀನು ದಕ್ಕಿತು, ಪಟ್ಟ ದಕ್ಕಲಿಲ್ಲ.

ಅದೇ 1815ರಲ್ಲಿ ಇನ್ನೊಬ್ಬ ಕಾಲಿನ್ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರನ್ನು ಅಳೆದು, ಊರೂರಿನ ಕೈಫಿಯತ್ತು ಬರೆಸಿ ಕೂಡಿಟ್ಟವನು ಅವನೇ. ಸೀಫೋರ್ತರ ಲೂಯಿಸ್ ದ್ವೀಪದಲ್ಲಿ ಹುಟ್ಟಿ, ಅಲ್ಲಿಯ ಸ್ಟೋರ್ನವೇ ಬಂದರಿನ ಸುಂಕದ ಕಟ್ಟೆಯಲ್ಲಿ ಕೆಲಸ ಮಾಡಿ, 1783ರಲ್ಲಿ, ಹಂಬರ್‌ಸ್ಟನ್ ಸತ್ತ ವರ್ಷವೇ, ಮದರಾಸಿಗೆ ಬಂದಿಳಿದಿದ್ದ. ಆ ದ್ವೀಪವನ್ನು ಮೇರಿಯ ಕುಟುಂಬ 1844ರಲ್ಲಿ ಚೀನಾದ ಅಫೀಮಿನ ವ್ಯಾಪಾರದಲ್ಲಿ ಗಂಟು ಮಾಡಿಕೊಂಡಿದ್ದ ಜೇಮ್ಸ್ ಮ್ಯಾಥೆಸನ್‌ಗೆ ಮಾರಿತು.

ನಾಲ್ಕನೆಯ ಹುಟ್ಟಿನದು ಗಿಡ್ಡ ಕಥೆ. ಮೇರಿಯ ಮೊಮ್ಮಗನಿಗೆ 1921ರಲ್ಲಿ ಬ್ಯಾರನ್ ಸೀಫೋರ್ತ್ ಪಟ್ಟ ಬಂತು. ಮಕ್ಕಳಿರಲಿಲ್ಲ, 1923ರಲ್ಲಿ ಅವನೊಡನೆ ಅದೂ ಹೋಯಿತು. 1950ರ ದಶಕದಲ್ಲಿ ಬ್ರಾಹನ್ ಕೋಟೆಮನೆಯನ್ನು ಕೆಡವಿದರು. ಅಲ್ಲಿಂದ ಕೆಲವೇ ಮೈಲಿ ದೂರದ ಲಿಯೊಡ್ ಕೋಟೆಯಲ್ಲಿ ಮೆಕೆಂಜಿಗಳ ಕಿರಿಯ ಕವಲಿನ ಕ್ರೊಮಾರ್ಟಿ ಅರ್ಲ್‌ಗಳು ಇಂದಿಗೂ ಇದ್ದಾರೆ. ಅವರ ಹಳೆಯ ಪದವಿಯೂ ಸ್ಟುವರ್ಟರ ಪರವಾಗಿ ಎದ್ದ 1745ರ ದಂಗೆಯಲ್ಲಿ ಹೋಗಿತ್ತು. 1861ರಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಹೊಸದಾಗಿ ಕೊಟ್ಟದ್ದು ಆ ಮನೆಯ ಒಬ್ಬ ಹೆಂಗಸಿಗೆ. 1895ರಲ್ಲಿ ಅದು ಸಂದದ್ದೂ ಹೆಂಗಸಿಗೇ, ಸಿಬೆಲ್‌ಗೆ. ಮೆಕೆಂಜಿ ಕುಲದ ಯಜಮಾನಿಕೆ 1979ರಲ್ಲಿ ಅಧಿಕೃತವಾಗಿ ಸೇರಿದ್ದು ಆಕೆಯ ಮಗನಿಗೆ.