ನಂದಿಗೊಂದು ಹಗಲು

ಯಲಹಂಕ ಹೆಬ್ಬಾಳಗಳ ಸೈಕಲ್ ಸವಾರರಿಗೆ ಭಾನುವಾರದ ನಂದಿಬೆಟ್ಟವು ಇಂದು ಒಂದು ವ್ರತವೇ ಆಗಿದೆ. ಆದರೆ ನಸುಕಿನಲ್ಲಿಯೇ ಹೊರಟು, ವಿಮಾನನಿಲ್ದಾಣದ ಹೆದ್ದಾರಿಯಲ್ಲಿ ವಾಹನಗಳ ಮಗ್ಗುಲಿನಲ್ಲಿ ಧಾವಿಸಿ, ಬೆಟ್ಟವನ್ನೇರಿದ ನಿಮಿಷಗಳನ್ನು ಎಣಿಸಿಕೊಂಡು, ತಿಂಡಿಯ ಹೊತ್ತಿಗೆ ಮನೆಗೆ ಮರಳುವ ಪದ್ಧತಿಯು ಬೆಳೆದುಬಂದಿರುವುದರಿಂದ, ಆ ದಾರಿಯಲ್ಲಿ ಸವಿಯಬೇಕಾದುದರ ಬಹುಭಾಗವು ಅನೇಕರ ಪಾಲಿಗೆ ಬಾರದೆ ಹೋಗುತ್ತಿದೆ. ನಂದಿಗೆ ಇಡಿಯ ಒಂದು ಹಗಲನ್ನು ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹೆದ್ದಾರಿಯ ಸಹವಾಸವನ್ನು ಆದಷ್ಟು ಬಿಟ್ಟು, ಬೆಟ್ಟಹಲಸೂರು, ದೊಡ್ಡಜಾಲಗಳ ಕಡೆಯ ಊರದಾರಿಗಳನ್ನು ಹಿಡಿಯುವುದು ಮೇಲು. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹಾಕಿದ ರೈಲುಹಾದಿಯ ಪುಟ್ಟ ನಿಲ್ದಾಣಗಳು ಈ ಸೀಮೆಯಲ್ಲಿ ಇನ್ನೂ ನಿಂತಿವೆ. ದೇವನಹಳ್ಳಿಯ ಕೋಟೆಯನ್ನು ದಾಟಿದರೆ ಆವತಿ. ಯಲಹಂಕದ ನಾಡಪ್ರಭುಗಳ ಮನೆತನವು ಈ ಆವತಿಯಿಂದಲೇ ಕವಲೊಡೆದು ಬಂದಿತೆಂಬುದು ಪರಂಪರೆಯ ಮಾತಾದುದರಿಂದ, ಯಲಹಂಕದಿಂದ ಇಲ್ಲಿಗೆ ತುಳಿದುಬಂದವನು ಕೆಂಪೇಗೌಡರ ಪೂರ್ವಿಕರು ನಡೆದ ದಾರಿಯನ್ನು ಹಿಮ್ಮುಖವಾಗಿ ಕ್ರಮಿಸಿದಂತಾಗುತ್ತದೆ. ದ್ರಾಕ್ಷಿಯ ಚಪ್ಪರಗಳೂ ರಾಗಿಯ ಹೊಲಗಳೂ ಮುಂದಕ್ಕೆ ಜೊತೆಗೊಡುತ್ತವೆ.

ನಂದಿಗ್ರಾಮದಲ್ಲಿ ಇಳಿಯದೆ ಮುಂದುವರಿಯುವುದು ಅಕ್ಷಮ್ಯವೆಂದೇ ನಾನು ಹೇಳುವೆನು. ಇಲ್ಲಿಯ ಭೋಗನಂದೀಶ್ವರ ದೇವಾಲಯದ ಶಾಸನಾಧಾರವು ಸುಮಾರು ಕ್ರಿ.ಶ. 806ರ ನೊಳಂಬರ ಕಾಲದವರೆಗೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಬಂದ ಚೋಳ, ಹೊಯ್ಸಳ, ವಿಜಯನಗರಗಳ ಅರಸರು ಅದಕ್ಕೆ ತಮ್ಮ ತಮ್ಮ ಭಾಗಗಳನ್ನು ಸೇರಿಸುತ್ತ ಬಂದರು. ಕರಿಯ ಕಲ್ಲಿನ ಕಲ್ಯಾಣಮಂಟಪದ ಕಂಬಗಳಲ್ಲಿ ಬಳ್ಳಿಗಳನ್ನೂ ಗಿಳಿಗಳನ್ನೂ ಕಂಡರಿಸಿದ ಕೈಗಳ ತಾಳ್ಮೆಯನ್ನು ಕಣ್ಣಾರೆ ಕಂಡು, ಶೃಂಗಿತೀರ್ಥದ ಮೆಟ್ಟಿಲುಗಳ ಮೇಲೆ ಬೆವರಾರುವವರೆಗೆ ಕುಳಿತವನಿಗೆ, ಮುಂದಿನ ಏರನ್ನು ಅವಸರದಿಂದ ಹತ್ತುವ ಮನಸ್ಸು ಸಹಜವಾಗಿಯೇ ತಗ್ಗುತ್ತದೆ.

ಬೆಟ್ಟವನ್ನು ಬಳಸಿ ಬಂದ ಮೇಲೆ ಮೊದಲಾಗುವ ಏರು ಏಳೆಂಟು ಕಿಲೋಮೀಟರ್. ನೆತ್ತಿಯು ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ತಿರುವು ತಿರುವಿಗೂ ಹೊಲಗಳು ಕಿರಿದಾಗುತ್ತವೆ, ಗಾಳಿ ತಂಪಾಗುತ್ತದೆ. ಇಲ್ಲಿ ತೀರ ಸಣ್ಣ ಗೇರನ್ನು ಹಾಕಿಕೊಂಡು ಉಸಿರು ಕೆಡದಂತೆ ತುಳಿಯುವುದನ್ನು ಹೀನಾಯವೆಂದು ಬಗೆಯುವ ತರುಣರು, ಫ್ರಾನ್ಸಿನ ಸೇಂತ್ ಎತಿಯೆನ್ ಪಟ್ಟಣದ ಪಾಲ್ ದ ವಿವಿಯನ್ನು ಅರಿಯಬೇಕು. ‘ವೆಲೊಸಿಯೊ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಆ ಮಹನೀಯನು, ತನ್ನೂರಿನ ಸುತ್ತಣ ಬೆಟ್ಟಗಳನ್ನು ಬಗೆಬಗೆಯ ಗೇರುಗಳಿಂದ ಏರಿ ನೋಡಿ, ಗುಡ್ಡನಾಡಿನ ಪ್ರವಾಸಿಗೆ ಅವು ಅನಿವಾರ್ಯವೆಂದು ಸಾರಿದನು. ಹಸಿವೆಗೆ ಮುನ್ನ ಉಣ್ಣು, ಬಾಯಾರುವ ಮುನ್ನ ಕುಡಿ, ಪ್ರತಿಷ್ಠೆಗಾಗಿ ತುಳಿಯಬೇಡ ಎಂಬುದೇ ಅವನ ಬೋಧೆಯ ಸಾರ. ಅವನು 1930ರಲ್ಲಿ ತೀರಿಕೊಂಡನು. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಧನಕ್ಕೆ ‘ಟೂರ್ ದ ಫ್ರಾನ್ಸ್’ ಪಂದ್ಯದಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ಪ್ರವಾಸಿಗಳು ಬಹುಕಾಲದಿಂದ ಅನುಭವಿಸಿ ತಿಳಿದಿದ್ದುದನ್ನು ಪಂದ್ಯದವರು ಅಷ್ಟು ತಡವಾಗಿ ಒಪ್ಪಿದರು.

ಇಳಿಜಾರಿನಲ್ಲಿ ಎಚ್ಚರವಿರಲಿ: ಬ್ರೇಕನ್ನು ಸತತವಾಗಿ ಅದುಮಿ ಹಿಡಿದರೆ ಗಾಲಿಯ ಅಂಚು ಕಾಯುತ್ತದೆಯಾದ್ದರಿಂದ, ತಿರುವಿಗೆ ಮುನ್ನ ಹಿಡಿದು, ತಿರುವಿನಲ್ಲಿ ಸಡಿಲಿಸಬೇಕು. ಮರಳುವಾಗ ದೊಡ್ಡಬಳ್ಳಾಪುರದ ದಾರಿ ಒಳ್ಳೆಯದು. ಅಲ್ಲಿಯ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದನ್ನು ಕೇಳುತ್ತ ಸಾಗಿ, ರಾಜಾನುಕುಂಟೆಯ ಮೇಲೆ ಸಂಜೆಗೆ ಯಲಹಂಕವನ್ನು ಸೇರಬಹುದು.

ನಂದಿಯನ್ನು ನಿಮಿಷಗಳಲ್ಲಿ ಅಳೆಯುವ ಗೆಳೆಯರಲ್ಲಿ ನನ್ನ ಬಿನ್ನಹವಿಷ್ಟೆ: ಈ ಮಾಗಿಯಲ್ಲಿ ಒಂದು ಭಾನುವಾರ ಗಡಿಯಾರವನ್ನು ಮನೆಯಲ್ಲಿಯೇ ಬಿಟ್ಟು, ಬುತ್ತಿಯನ್ನು ಕಟ್ಟಿಕೊಂಡು, ಗ್ರಾಮದ ಗುಡಿಯನ್ನು ನೋಡಿದ ಮೇಲೆಯೇ ಬೆಟ್ಟವನ್ನು ಹತ್ತಿರಿ.