ಜಾರುವ ಜಾಣ್ಮೆ

ಡ್ರ್ಯಾಗ್ ರೇಸಿನಲ್ಲಿ ಹಸಿರು ದೀಪ ಹತ್ತಿದಾಗ ಹೊಗಳಿಕೆಯೆಲ್ಲ ಎಂಜಿನ್ನಿಗೆ. ನನ್ನ ಮೆಚ್ಚುಗೆ ಅದರ ಬೆನ್ನಿಗೇ ಅಡಗಿರುವ ಟಾರ್ಕ್ ಕನ್ವರ್ಟರಿಗೆ. ಜರ್ಮನಿಯ ಹರ್ಮನ್ ಫೊಟ್ಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಪೇಟೆಂಟ್ ಮಾಡಿಸಿದ ಈ ಉಪಾಯ ಮುಂದೆ ಅಮೆರಿಕದ ಆಟೊಮ್ಯಾಟಿಕ್ ಕಾರುಗಳ ಜೀವಾಳವಾಯಿತು.

ಒಳಗಿರುವುದು ಎಣ್ಣೆ, ಮೂರು ಅಲಗುಚಕ್ರ. ಇಂಪೆಲ್ಲರ್ ಎಣ್ಣೆಯನ್ನು ರಭಸದಿಂದ ಎಸೆಯುತ್ತದೆ, ಆ ಹೊಡೆತಕ್ಕೆ ಟರ್ಬೈನ್ ತಿರುಗುತ್ತದೆ. ಮರಳುವ ಎಣ್ಣೆಯ ದಿಕ್ಕನ್ನು ಸ್ಟೇಟರ್ ತಿದ್ದುವುದರಿಂದ ಹೊರಡುವ ಗಳಿಗೆಯಲ್ಲಿ ಟಾರ್ಕ್ ಸುಮಾರು ಎರಡು ಪಟ್ಟಾಗುತ್ತದೆ.

ಕನ್ವರ್ಟರ್ ಆಯ್ಕೆಯ ಕಸುಬೆಲ್ಲ ಸ್ಟಾಲ್ ವೇಗದಲ್ಲಿದೆ: ಟರ್ಬೈನ್ ನಿಂತಿರುವಾಗ ಎಂಜಿನ್ ಮುಟ್ಟಬಲ್ಲ ಗರಿಷ್ಠ ಆರ್‌ಪಿಎಂ. ಸಾಧಾರಣ ಕಾರಿಗೆ 2,000ದ ಆಸುಪಾಸು ಸಾಕು. ದೊಡ್ಡ ಕ್ಯಾಮ್ ಹಾಕಿದ ಎಂಜಿನ್ನಿಗೆ ಕಸುವು ಬರುವುದೇ ಮೇಲಿನ ಆರ್‌ಪಿಎಂನಲ್ಲಿ. ಅದಕ್ಕೆ 3,000ದಷ್ಟು ಬೇಕಾಗಬಹುದು. ಸ್ಟಾಲ್ ಕಡಿಮೆಯಾದರೆ ರೇಸಿನ ಪಟ್ಟಿಯಲ್ಲಿ ಕಾರು ಮುಗ್ಗರಿಸುತ್ತದೆ. ಅತಿಯಾದರೆ ಊರ ರಸ್ತೆಯಲ್ಲಿ ಸದಾ ಜಾರಿ ಎಣ್ಣೆ ಕಾಯುತ್ತದೆ, ಪೆಟ್ರೋಲ್ ಸುಡುತ್ತದೆ. ಆಗ ಪ್ರತ್ಯೇಕ ಕೂಲರ್ ಬೇಕೇ ಬೇಕು.

ಇನ್ನೊಂದು ಸೊಗಸು: ಪೆಟ್ಟಿಗೆಯ ಮೇಲೆ ಬರೆದ ಸ್ಟಾಲ್ ಅಂಕಿ ಅಂತಿಮವಲ್ಲ. ಅದೇ ಕನ್ವರ್ಟರ್ ಹೆಚ್ಚು ಟಾರ್ಕಿನ ಎಂಜಿನ್ನಿನ ಹಿಂದೆ ಹೆಚ್ಚಿನ ಆರ್‌ಪಿಎಂನಲ್ಲಿ ಸ್ಟಾಲ್ ಆಗುತ್ತದೆ. ಆದ್ದರಿಂದಲೇ ಬಲ್ಲ ಮೇಸ್ತ್ರಿ ಮೊದಲು ಕೇಳುವುದು ಕಾರಿನ ತೂಕ, ಹಿಂದಿನ ಆಕ್ಸಲ್ಲಿನ ಅನುಪಾತ, ಟೈರಿನ ಎತ್ತರ, ಕ್ಯಾಮಿನ ಗುಣ. ಬಳಿಕ ವ್ಯಾಸ ಕಿರಿದು ಮಾಡಿ, ಅಲಗಿನ ಕೋನ ಬದಲಿಸಿ ಕಾರಿಗೊಪ್ಪುವಂತೆ ಕಟ್ಟುತ್ತಾನೆ. ದುಡ್ಡು ಸುರಿಯುವುದಾದರೆ ಅಂಥ ಪ್ರಶ್ನೆ ಕೇಳುವವನಲ್ಲೇ ಸುರಿಯಬೇಕು.