ಕದ್ರಿ ಗುಡ್ಡದ ಮುರಕಲ್ಲು

ಮಂಗಳೂರಿನ ಕದ್ರಿ ಗುಡ್ಡದ ಹೋಂಸ್ಟೇ ಒಂದರಲ್ಲಿ ನಾಲ್ಕು ದಿನ ಇದ್ದೆವು. ಬೆಳಗ್ಗೆ ಚಹಾ ಕುಡಿದು ಸುತ್ತಾಡಲು ಹೊರಟರೆ ಕಾಲು ತಾನಾಗಿ ನಿಲ್ಲುತ್ತಿದ್ದುದು ಮುರಕಲ್ಲಿನ ಹಳೆಯ ಕಂಪೌಂಡು ಗೋಡೆಗಳ ಎದುರು.

ಹತ್ತಿರ ಹೋಗಿ ನೋಡಬೇಕು. ಜೇನುಗೂಡಿನ ಹಾಗೆ ತೂತು ತೂತು. ತೂತಿನೊಳಗೆ ಹಾವಸೆ, ಕೆಲವುಗಳಲ್ಲಿ ಉಗುರಿನಷ್ಟು ಜರಿಗಿಡ. ನೆಲದಿಂದ ಆಗಷ್ಟೇ ಎತ್ತಿದ ಕಲ್ಲು ಮೆದು, ಕೈಹತಾರಕ್ಕೂ ಮಣಿಯುತ್ತದೆ. ಗಾಳಿ ಬಿಸಿಲು ತಾಗಿದಷ್ಟೂ ಗಟ್ಟಿಯಾಗುತ್ತದೆ. ಈಗ ಯಂತ್ರ ಕೊಯ್ದ ಕಲ್ಲಿನ ಮೈ ಸಪಾಟು. ಹಳೆಯದರ ಮೇಲಾದರೋ ಓರೆ ಗೀರುಗಳು ಸಾಲುಸಾಲಾಗಿ ಉಳಿದಿವೆ. ಬೆರಳಾಡಿಸಿದರೆ ಕೆತ್ತಿದವನ ಕೈಯ ಲಯವೇ ಸಿಗುತ್ತದೆ: ಒಂದೇ ಅಂತರ, ಒಂದೇ ಓರೆ, ಮೂಲೆಯ ಹತ್ತಿರ ಮಾತ್ರ ಪೆಟ್ಟು ಸಣ್ಣದು. ಅಂಚು ಮುಕ್ಕಾಗಬಾರದಲ್ಲ! ಎಂಥ ಹದದ ಕೈ ಅದು.

ಇಲ್ಲಿನ ಮಂಜುನಾಥ ದೇವಸ್ಥಾನದಲ್ಲಿ ಆಳುಪ ದೊರೆ ಕುಂದವರ್ಮನ, ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಮೂರು ಮುಖ, ಆರು ಕೈ. ಅದನ್ನು ನೋಡಲೆಂದೇ ಕದ್ರಿಗೆ ಬರಬೇಕು. ಆದರೆ ಹಾಗೆಯೇ ಹಿಂದಿನ ಮೆಟ್ಟಿಲು ಹತ್ತಿ ಗೋಮುಖದ ನೀರಿಗೆ ಕೈಯೊಡ್ಡಿ. ಮಳೆಯನ್ನು ಹೀರಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಟ್ಟುಕೊಡುವುದು ಇದೇ ತೂತುಕಲ್ಲಿನ ಗುಡ್ಡ.

ಕೊನೆಯ ಸಂಜೆ ಮಳೆ ಬಂತು. ಗೇಟಿನ ಪಕ್ಕದ ಗೋಡೆ ನೋಡನೋಡುತ್ತ ಕಡುಗೆಂಪಾಯಿತು. ಗೀರುಗಳಲ್ಲಿ ಇಳಿದ ನೀರು ಪ್ರತಿ ಪೆಟ್ಟನ್ನೂ ಬೇರೆ ಬೇರೆಯಾಗಿ ಎತ್ತಿ ತೋರಿಸಿತು. ಕೊಡೆ ಹಿಡಿದು ಅಲ್ಲೇ ನಿಂತೆ.